ಎರಡನೆಯ ಒಲೆ

"ಪ್ರತಿ ಒಲೆಗೆ ಒಂದು ಖೋಲಿ" ಎಂಬ ಸಾಲಿಗೆ ಬಂದಾಗ ಈರಣ್ಣನ ದನಿ ನಿಂತಿತು.

ಎದುರು ಕೂತಿದ್ದ ಸದಾನಂದ ಪೆನ್ಸಿಲನ್ನು ಸಾಲಿನ ಕೆಳಗೆ ಹಾಗೇ ಹಿಡಿದು ಕಾದ. ಬಜೆಟ್ಟಿನ ಕರಡು ಟೈಪಾಗಿ ಬಂದಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿಯ ಮೇಲೆ ಕಣ್ಣಾಡಿಸಬೇಕು. ಮುನಸಿಪಾಲಿಟಿಯ ಬಜೆಟ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಓದುವ ಕೆಲಸ ಈರಣ್ಣನದು. ವಿಜಾಪುರದ ಕಡೆಯ ಮನೆಯಲ್ಲಿ, ನಸುಕಿನಲ್ಲಿ ತಾಯಿ ಹೇಳುತ್ತಿದ್ದ ವಚನಗಳನ್ನು ಹಾಸಿಗೆಯಲ್ಲೇ ಕೇಳುತ್ತ ಬೆಳೆದ ಕಿವಿ ಅವನದು. ಗಟಾರದ ದುರಸ್ತಿ, ಕಂದೀಲಿನ ಎಣ್ಣೆ, ಕಸದ ಗಾಡಿ ಎಲ್ಲವೂ ಅವನ ಬಾಯಲ್ಲಿ ಪದ್ಯದ ಹಾಗೆ ಏರಿ ಇಳಿದು ಹೋಗುತ್ತಿದ್ದವು.

"ಎಂಥ ಮಾರಾಯ, ಗಂಟಲು ಕಟ್ಟಿತಾ?" ಎಂದ ಸದಾನಂದ. ಅವನು ಉಡುಪಿಯ ಕಡೆಯವನು. "ಗಟಾರಕ್ಕೆ ಅಷ್ಟು ಚಂದ ರಾಗ ಎಳೆದವ, ಮನೆಯ ವಿಷಯ ಬಂದಾಗ ಸುಮ್ಮನಾದೆಯಲ್ಲ."

"ಇದು ಮೊದಲ ತಲಿ ಲೆಕ್ಕ ಇತ್ತಲ್ಲ? ಐದು ಮಂದಿಗೆ ಒಂದು ಖೋಲಿ ಅಂತ?"

"ಇತ್ತು. ಅಷ್ಟು ಕಟ್ಟಲಿಕ್ಕೆ ಈ ವರ್ಷ ಆಗುದಿಲ್ಲ ಅಂತ ಮೇಲಿನವರು ಬದಲು ಮಾಡಿದ್ರು. ಈಗ ತಲೆ ಎಣಿಸುದಿಲ್ಲ, ಒಲೆ ಎಣಿಸ್ತಾರೆ. ನಮ್ಮ ಫೋರ್ಟಿನ ರೂಮಲ್ಲಿ ಹನ್ನೆರಡು ಜನ ಉಂಟು ನೋಡು. ಎಲ್ಲರದ್ದೂ ಹೋಟೆಲಿನ ಊಟ, ಒಲೆ ಒಂದೂ ಇಲ್ಲ. ಹಾಗಾದ್ರೆ ಈ ಪುಸ್ತಕದ ಪ್ರಕಾರ ನಾವು ಇನ್ನೂ ಹುಟ್ಟಲೇ ಇಲ್ಲ!"

ಈರಣ್ಣ ನಗಲಿಲ್ಲ. ಪುಟ ತಿರುವಿದ. ಕೆಡವಬೇಕಾದ ಚಾಳುಗಳ ಪಟ್ಟಿಯಲ್ಲಿ ಏಳನೆಯದು, ದಾದರಿನಲ್ಲಿ ಗಿರಣಿಯ ಬೆನ್ನಿಗಿದ್ದ ಮೂರು ಮಹಡಿಯ ಚಾಳು, ಅವನು ವಾಸವಾಗಿದ್ದುದು. ಎದುರಿಗೆ, ಹೊಸ ಖೋಲಿ ಕೊಡುವ ಜಾಗದ ಸಾಲಿನಲ್ಲಿ, ಘಾಟ್ಕೋಪರ್ ಎಂದಿತ್ತು. ಸರ್ವೇ ಸೋಮವಾರ. ಆ ದಿನ ಶುಕ್ರವಾರ. ಉಳಿದ ಪುಟಗಳನ್ನು ಅವನು ಯಾವ ಲಯವೂ ಇಲ್ಲದೆ ಓದಿ ಮುಗಿಸಿದ.

ಒಂಬತ್ತನೆಯ ಖೋಲಿಯಲ್ಲಿ ಅವರು ಹತ್ತು ಮಂದಿ. ತಾಯಿ ರುದ್ರವ್ವ, ಈರಣ್ಣ, ಹೆಂಡತಿ ಚನ್ನವ್ವ, ಮೂವರು ಮಕ್ಕಳು ಒಳಗೆ. ತಮ್ಮ ಕಾಶಪ್ಪ, ಅವನ ಹೆಂಡತಿ ರಾಚವ್ವ, ಇಬ್ಬರು ಮಕ್ಕಳು ಹೊರಗೆ ಗ್ಯಾಲರಿಯಲ್ಲಿ, ಗೋಣಿತಟ್ಟಿನ ಮರೆಯಲ್ಲಿ. ರಾಚವ್ವನಿಗೆ ಈಗ ಎಂಟನೆಯ ತಿಂಗಳ ಬಸಿರು. ಒಳಗಿನ ಮೂಲೆಯಲ್ಲಿ, ಕಲ್ಲುಚಪ್ಪಡಿಯ ಮೇಲೆ, ರುದ್ರವ್ವ ತನ್ನ ಕೈಯಾರೆ ಕಟ್ಟಿದ ಮಣ್ಣಿನ ಒಲೆ. ಹದಿನಾಲ್ಕು ವರ್ಷದಿಂದ ಆ ಒಲೆಗೆ ಯಾರೂ ಕಡ್ಡಿ ಗೀರಿರಲಿಲ್ಲ. ದಿನವೂ ಅಡಿಗೆ ಮುಗಿದಮೇಲೆ ಅವಳು ಕುಳ್ಳಿನ ಕೆಂಡಗಳನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ನಸುಕಿನಲ್ಲೆದ್ದು ಸ್ನಾನ, ಲಿಂಗಪೂಜೆ ಮುಗಿಸಿ, ವಚನ ಹೇಳಿಕೊಳ್ಳುತ್ತಲೇ ಬೂದಿ ಸರಿಸಿ ಊದುತ್ತಿದ್ದಳು.

ಅಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಎದುರು ಈರಣ್ಣ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಕೂತ.

"ಯವ್ವಾ, ಸೋಮವಾರ ಸರ್ವೇದವರು ಬರತಾರ. ಎರಡು ಒಲಿ ಕಂಡ್ರ ಎರಡು ಖೋಲಿ ಕೊಡತಾರ. ಒಂದ ಕಂಡ್ರ ಹತ್ತೂ ಮಂದಿಗೆ ಒಂದ. ಅಲ್ಲೆ ಗ್ಯಾಲರಿನೂ ಇಲ್ಲಂತ. ಒಳಗ ಎಷ್ಟು ಹಿಡಸತಾರೋ ಅಷ್ಟ."

"ಒಲಿ ಎರಡಾದ್ರ ಮನಿ ಎರಡಾತು" ಎಂದಳು ರುದ್ರವ್ವ, ರೊಟ್ಟಿಯಿಂದ ಕಣ್ಣು ತೆಗೆಯದೆ.

"ಬರೇ ತೋರಸೂದು. ಒಂದು ತಾಸು. ನಾಳೆ ಒಂದು ಶೆಗಡಿ ತರತೀನಿ, ತಗಡಿನ ಎತ್ತೊಲಿ. ಅವರು ಹೋದ ಮ್ಯಾಲೆ ಮಾಳಗಿ ಮ್ಯಾಲೆ ಒಗದಬಿಡೂಣು."

"ಒಲಿ ಬಯಲಾಟದ ಕಿರೀಟ ಅಲ್ಲೋ ತಮ್ಮಾ, ಒಂದು ತಾಸು ಇಟಗೊಂಡು ತಗಿಯಾಕ."

ಬಾಗಿಲಲ್ಲಿ ನಿಂತಿದ್ದ ಕಾಶಪ್ಪ, ಗಿರಣಿಯ ಹತ್ತಿ ಇನ್ನೂ ಕೂದಲಲ್ಲಿ, "ಅಣ್ಣಾ, ನಾ ಬ್ಯಾರೆ ಆಗತೀನಿ ಅಂತ ಯಾವಾಗರೆ ಅಂದೇನೇನು?" ಎಂದ.

"ಬ್ಯಾರೆ ಆಗು ಅಂದವರ್ಯಾರೋ? ನಿನ್ನ ಸಲುವಾಗೇ ಬಡಕೊಳ್ಳಾಕತ್ತೀನಿ!"

ಗೋಣಿತಟ್ಟಿನ ಆಚೆಯಿಂದ ರಾಚವ್ವನ ದನಿ ಮೆಲ್ಲಗೆ ಬಂತು. ಯಾರನ್ನೂ ಉದ್ದೇಶಿಸಿ ಆಡಿದ್ದಲ್ಲ. "ಗ್ಯಾಲರಿಯೊಳಗ ಒಂದು ಹಡದೀನಿ. ಇದನ್ನ ಮೆಟ್ಟಲ ಮ್ಯಾಲೆ ಹಡೀಬೇಕೇನೋ."

ತವೆಯ ಮೇಲಿನ ರೊಟ್ಟಿ ಒಂದು ಬದಿ ಕರಕಾಯಿತು. ರುದ್ರವ್ವ ಅದನ್ನು ತಿರುವಿ ಹಾಕಿ, ತನ್ನ ತಾಟಿಗೆ ಇಟ್ಟುಕೊಂಡಳು.

ಮಕ್ಕಳಿಗೆ ಇದೆಲ್ಲ ಒಂದು ಶೆಗಡಿಯ ಮಾತು. ಆದರೆ ಈರಣ್ಣನಿಗೆ ಊರು ನೆನಪಿತ್ತು. ಅವರ ಮನೆತನದಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಹೊಲ ಹಂಚುವುದು ಪಂಚರ ಕೆಲಸ. ಅದಕ್ಕೂ ಮುಂಚೆ ತಾಯಿ ಹಳೆಯ ಒಲೆಯ ಕೆಂಡವನ್ನು ಒಡೆದ ಮಡಕೆಯ ಬೋಕಿಯಲ್ಲಿ ಎತ್ತಿ ಹೊಸ ಒಲೆಗೆ ಹಾಕಬೇಕು. ಹಾಕಿದಳೆಂದರೆ ಆಯಿತು. ಆಮೇಲೆ ಎಷ್ಟೇ ಅತ್ತು ಕರೆದರೂ ಆ ಎರಡು ಬೆಂಕಿ ಒಂದಾಗುವುದಿಲ್ಲ. ಅವನ ಅಜ್ಜಿ ಹಾಗೆ ಹಾಕಿ, ಆ ದಿನವಿಡೀ ಕಟ್ಟೆಯ ಮೇಲೆ ಕೂತಿದ್ದು ಅವನು ಕಂಡಿದ್ದ.

ಶನಿವಾರ ಮೂರು ಕಾಲಿನ ಹಳೆಯ ಶೆಗಡಿಯೊಂದನ್ನು ಗೋಣಿಯಲ್ಲಿ ಸುತ್ತಿ ತಂದ. ಜಿನೆಯ ಮೆಟ್ಟಿಲು ಹತ್ತುವಾಗ ಪಕ್ಕದ ಖೋಲಿಯ ಮೋನಪ್ಪ ಎದುರಾದ.

"ಈರಣ್ಣ, ಗೋಣಿಯಲ್ಲಿ ಎಂಥದು? ಕುಂಬಳಕಾಯಿಯಾ?"

"ಹೂಂ, ಕುಂಬಳಕಾಯಿ."

"ಕುಂಬಳಕಾಯಿಗೆ ಕಾಲು ಯಾವಾಗ ಬಂತು ಮಾರಾಯ್ರೆ?"

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಹಡಿಯ ಐದು ಖೋಲಿಗಳಲ್ಲಿ ಹೊಸ ಶೆಗಡಿಗಳು ಬಂದಿದ್ದವು. ಮೋನಪ್ಪನದಂತೂ ತಗಡು ಮಿರಮಿರ ಮಿಂಚುತ್ತಿತ್ತು. ಈರಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನ ಮಾತು ತನ್ನಿಂದಲೇ ಹೊರಬಿತ್ತೇ ಎಂದು ಒಂದು ಭಯ. ಎಲ್ಲರೂ ಹೀಗೆ ಮಾಡಿದರೆ ಸರ್ವೇಯವನು ನಂಬುವನೇ ಎಂದು ಇನ್ನೊಂದು. ಸ್ಟೇಷನ್ನಿನ ತನಕ ಹೋಗಿ, ಬೇಡದ ಚಹಾ ಕುಡಿದು, ಎರಡು ಲೋಕಲ್ ಬಂದುಹೋಗುವುದನ್ನು ನೋಡಿ ಬಂದ. ಮತ್ತೆ ಹೋದ. ಬಂದಾಗಲೆಲ್ಲ ತಾಯಿಯ ಮುಖ ನೋಡಿದ. ಅವಳು ಜೋಳ ಹಸನು ಮಾಡುತ್ತಿದ್ದಳು. ಹಸನು ಮಾಡಿದ ಜೋಳವನ್ನೇ ಮತ್ತೆ ಹಸನು ಮಾಡುತ್ತಿದ್ದಳು.

ಸಂಜೆ ಕೇಳಿದಳು: "ಎರಡು ಒಲಿ ಇಲ್ಲದಿದ್ರ ಕಾಶಪ್ಪಗ ಖೋಲಿ ಇಲ್ಲ. ಇದು ಖರೇನ?"

"ಖರೇ ಯವ್ವಾ. ನನ್ನ ಬಾಯಿಂದನ ಓದೀನಿ."

ಅವಳು ಮೊರದಲ್ಲಿದ್ದ ಜೋಳವನ್ನು ಒಮ್ಮೆ ಕೇರಿದಳು.

ಸೋಮವಾರ ನಸುಕಿನಲ್ಲಿ ಈರಣ್ಣನಿಗೆ ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ಇಲ್ಲದ್ದಕ್ಕೆ. ತಾಯಿ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದಳು. ಆದರೆ ವಚನ ಹೇಳುತ್ತಿರಲಿಲ್ಲ. ಖೋಲಿಯ ನಡುವೆ, ಗೋಡೆಯಿಂದ ಗೋಡೆಗೆ, ಅವಳ ಹಳೆಯ ಇಳಕಲ್ಲ ಸೀರೆ ಕಟ್ಟಿತ್ತು. ನೆಲದ ಮೇಲೆ ಜೋಳದ ಹಿಟ್ಟು ಎರಡು ಡಬ್ಬಿಯಲ್ಲಿ. ತಾಟುಗಳು ಎರಡು ಸಾಲು. ಬೇಳೆ, ಖಾರ, ಬೆಲ್ಲ. ಉಪ್ಪಿನ ಮಡಕೆಯ ಪಕ್ಕದಲ್ಲಿ ಒಂದು ಬಟ್ಟಲು. ಅವಳು ಹಿಡಿಹಿಡಿಯಾಗಿ ಉಪ್ಪನ್ನು ಅದಕ್ಕೆ ಹಾಕುತ್ತಿದ್ದಳು.

"ಯವ್ವಾ, ಏನಿದು?"

"ಕಾಶಪ್ಪನ್ನ ಕರಿ. ಇಬ್ಬರೂ ಸೊಸಿಯರನ್ನ ಕರಿ."

ಎಲ್ಲರೂ ಬಂದು ನಿಂತರು. ರುದ್ರವ್ವ ಒಲೆಯ ಬೂದಿ ಸರಿಸಿ, ಚಿಮ್ಮಟದಿಂದ ಮೂರು ಕೆಂಡ ಹಿಡಿದು ಬೋಕಿಗೆ ಹಾಕಿದಳು.

"ಯವ್ವಾ, ಬರೇ ತೋರಸಾಕ ಅಂದಿದ್ನಿ. ಕಡ್ಡಿ ಗೀರಿ ಹಚ್ಚಿದ್ರ ಸಾಕು…"

"ತೋರಸೂದು ನಾ ಕಲತಿಲ್ಲಪಾ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಲಿಂಗ ಕೈಯಾಗ ಹಿಡದು ಈಗಷ್ಟ ಎದ್ದೀನಿ. ಎರಡು ಅಂತ ಬರಸೂದಾದ್ರ ಎರಡ ಆಗಲಿ."

ನಾಲ್ಕು ಹೆಜ್ಜೆ ನಡೆದು, ಸೀರೆಯ ಅಂಚನ್ನು ಎತ್ತಿ, ಆಚೆಯ ಮೂಲೆಯ ಶೆಗಡಿಗೆ ಕೆಂಡ ಸುರಿದಳು. ಕಾಶಪ್ಪ ಬೆನ್ನು ತಿರುಗಿಸಿ ಗ್ಯಾಲರಿಗೆ ಹೋದ. ರಾಚವ್ವ ಹೊಟ್ಟೆ ಹಿಡಿದುಕೊಂಡು ಕೂತು ಊದತೊಡಗಿದಳು. ಹೊಗೆಗೋ ಏನೋ, ಅವಳ ಕಣ್ಣು ತುಂಬಿ ಹರಿಯುತ್ತಿತ್ತು.

ಸರ್ವೇಯವನು ಹತ್ತು ಗಂಟೆಗೆ ಬಂದ. ಸಣಕಲ ಮರಾಠಿ ಮನುಷ್ಯ, ಬಗಲಲ್ಲಿ ಹಾಳೆಗಳ ಕಟ್ಟು, ಬೆರಳಿಗೆ ಸುಣ್ಣದ ಕಡ್ಡಿಯ ಧೂಳು. ಮೊದಲು ಮೋನಪ್ಪನ ಖೋಲಿಗೆ ಹೋದ. ಮಿರಮಿರ ಮಿಂಚುವ ಶೆಗಡಿಯ ಮೇಲೆ ಕೈಯಿಟ್ಟು, "ವಾ! ಮದುವಣಗಿತ್ತಿ ಇದ್ದ ಹಾಗಿದೆ. ಉಡುಗೊರೆ ಬಂತೇ?" ಎಂದು ಮರಾಠಿಯಲ್ಲಿ ಕೇಳಿದ್ದು ಎಲ್ಲರಿಗೂ ಕೇಳಿಸಿತು. ಒಂದೇ ಖೋಲಿ ಎಂದು ಬಾಗಿಲಿಗೆ ಒಂದೇ ಗೆರೆ ಎಳೆದು ಈಚೆ ಬಂದ.

ಒಂಬತ್ತನೆಯ ಖೋಲಿಯಲ್ಲಿ ಎರಡು ಒಲೆಗಳ ಮೇಲೂ ಎಸರು ಇಟ್ಟಿತ್ತು. ಸರ್ವೇಯವನು ಶೆಗಡಿಯ ಹಿಂದಿನ ಗೋಡೆಯನ್ನು ಬೆರಳಿಂದ ಸವರಿ ನೋಡಿದ. ಮಸಿ ಇರಲಿಲ್ಲ.

"ಎರಡು ಒಲೆ ಯಾವಾಗಿನಿಂದ ಆಜಿ?" ಎಂದು ಕೇಳಿದ.

ಎರಡು ವರ್ಷದಿಂದ ಎನ್ನಲು ಈರಣ್ಣ ಬಾಯಿ ತೆರೆಯುವಷ್ಟರಲ್ಲಿ ರುದ್ರವ್ವ ತನ್ನ ಮುರುಕು ಮರಾಠಿಯಲ್ಲಿ ಹೇಳಿಬಿಟ್ಟಳು: "ಇವತ್ತು ಬೆಳಿಗ್ಗೆಯಿಂದ."

ಸರ್ವೇಯವನು ನಕ್ಕೇ ಬಿಟ್ಟ. "ಈ ಚಾಳಿನಲ್ಲಿ ನಿಜ ಹೇಳಿದವಳು ನೀನೊಬ್ಬಳೇ." ಪೆನ್ಸಿಲನ್ನು ಕಿವಿಯಿಂದ ತೆಗೆದ. ಒಂದೇ ಒಲೆ ಎಂದು ಬರೆಯುವವನ ಹಾಗೆ ಹಾಳೆಯತ್ತ ಬಗ್ಗಿದ. ಹಾಗೆ ಬಗ್ಗಿದಾಗ ಅವನ ಕಣ್ಣಿಗೆ ಆ ಉಪ್ಪಿನ ಬಟ್ಟಲು ಬಿತ್ತು. ಸೀರೆಯ ಮರೆಯ ಈಚೆ ಮಡಕೆ, ಆಚೆ ಬಟ್ಟಲು. ನಗು ನಿಂತಿತು.

"ಮೀಠ್ ಪಣ್ ವಾಟಲಂ?" ಎಂದ. ಉಪ್ಪನ್ನೂ ಹಂಚಿದಿರಾ?

ರುದ್ರವ್ವ ತಲೆಯಾಡಿಸಿದಳು.

ಅವನು ಗ್ಯಾಲರಿಯಲ್ಲಿ ಬೆನ್ನು ಹಾಕಿ ನಿಂತ ಕಾಶಪ್ಪನನ್ನು ನೋಡಿದ. ನೆಲ ನೋಡುತ್ತಿದ್ದ ಈರಣ್ಣನನ್ನು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ತನ್ನ ಮನೆಯ ಮಾತೇನೋ ನೆನಪಾದವನಂತೆ, "ಬರೆದುಕೊಳ್ಳುತ್ತೇನೆ" ಎಂದು ಎರಡು ಹಾಳೆ ತೆಗೆದ. ಒಂದರಲ್ಲಿ ಈರಣ್ಣನ ಸಂಸಾರ. ಇನ್ನೊಂದರಲ್ಲಿ ಕಾಶಪ್ಪನದು.

"ಎರಡೂ ಖೋಲಿ ಅಕ್ಕಪಕ್ಕ ಸಿಗುತ್ತವೆಯೇ ಸಾಹೇಬ್?" ಎಂದು ಈರಣ್ಣ ಕೇಳಿದ.

"ಚೀಟಿ ಎತ್ತುತ್ತಾರೆ. ಯಾವ ಬಿಲ್ಡಿಂಗೋ, ಯಾವ ಮಹಡಿಯೋ." ಪೆನ್ಸಿಲು ನಿಂತಿತು. "ಆಜಿ ಕೋಣಾಕಡೆ?"

ಅಜ್ಜಿ ಯಾರ ಕಡೆ ಎಂದು. ಈ ಪ್ರಶ್ನೆ ಬರಬಹುದೆಂದು ಮೂರು ದಿನದಲ್ಲಿ ಈರಣ್ಣ ಒಮ್ಮೆಯೂ ಯೋಚಿಸಿರಲಿಲ್ಲ. ಆದರೂ ಉತ್ತರ ಗೊತ್ತಿದ್ದವನಂತೆ ಅರ್ಧ ಹೆಜ್ಜೆ ಮುಂದೆ ಬಂದ. ಅವನು ಹಿರೇಮಗ. ಹಳೆಯ ಒಲೆ ಅವನ ಪಾಲಿಗೆ ಬಂದಿತ್ತು.

ರುದ್ರವ್ವ ಎರಡು ಬೆಂಕಿಗಳನ್ನೂ ನೋಡಿದಳು. ಶೆಗಡಿಯ ಮುಂದೆ ರಾಚವ್ವ ಇನ್ನೂ ಊದುತ್ತಿದ್ದಳು. ಬೆಂಕಿ ಹಿಡಿಯುತ್ತಿತ್ತು, ಬಿಡುತ್ತಿತ್ತು.

"ಹಳೀ ಒಲಿ ತನ್ನಷ್ಟಕ್ಕ ತಾ ಉರೀತೈತಿ" ಎಂದಳು ಈರಣ್ಣನಿಗೆ, ಕನ್ನಡದಲ್ಲಿ. "ಹೊಸಾದಕ್ಕ ಕಾಯಾಕ ಒಬ್ಬರು ಬೇಕು." ಮತ್ತೆ ಸರ್ವೇಯವನ ಕಡೆ ತಿರುಗಿ, ಶೆಗಡಿಯತ್ತ ಕೈ ತೋರಿಸಿದಳು.

ಅವನು ಬರೆದುಕೊಂಡ. ಬಾಗಿಲಿಗೆ ಎರಡು ಗೆರೆ ಎಳೆದು ಮುಂದಿನ ಖೋಲಿಗೆ ಹೋದ.

ಅಂದು ಸಂಜೆ ಕಾಶಪ್ಪನ ಹಾಸಿಗೆಗಳು ಗ್ಯಾಲರಿಯಿಂದ ಒಳಗೆ ಬಂದವು. ರುದ್ರವ್ವನ ಕೌದಿಯೂ ಸೀರೆಯ ಆಚೆಗೆ ಹೋಯಿತು. ಈರಣ್ಣನ ಕಿರಿಮಗಳು ಅಭ್ಯಾಸದಂತೆ ತಾಟು ಹಿಡಿದು ಅಜ್ಜಿಯ ಬಳಿ ಓಡಿದಾಗ, "ನಿಮ್ಮವ್ವನ ಕಡೆ ಉಣ್ಣು ಹೋಗವಾ" ಎಂದು ಆಚೆಯಿಂದ ಕೇಳಿಸಿತು. ಮಗು ಅಂಚಿನಲ್ಲೇ ನಿಂತು, ಯಾರೂ ಬೈಯದಿದ್ದರೂ ಅಳತೊಡಗಿತು.

"ಇನ್ನಾದ್ರೂ ಸಮಾಧಾನ ಆತಿಲ್ಲೋ?" ಎಂದಳು ಚನ್ನವ್ವ, ಗಂಡನ ತಾಟಿಗೆ ರೊಟ್ಟಿ ಹಾಕುತ್ತ. "ಎರಡು ಖೋಲಿ ಬಂದುವಲ್ಲ."

ಅದೇ ಹಿಟ್ಟು, ಅದೇ ತವೆ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಈರಣ್ಣ ಕಡೆಯ ತುತ್ತಿನ ತನಕ ಉಂಡ.

ಮರುದಿನ ಬೆಳಿಗ್ಗೆ ಚನ್ನವ್ವ ಒಲೆಯ ಮುಂದೆ ಕೂತು ಬೂದಿ ಕೆದಕಿದಳು. ಮೇಲೆ ಕೆದಕಿದಳು, ತಳದ ತನಕ ಕೆದಕಿದಳು. ಬೂದಿ ತಣ್ಣಗಿತ್ತು. ಹದಿಮೂರು ವರ್ಷ ಆ ಒಲೆಯ ಮೇಲೆ ಅಡಿಗೆ ಮಾಡಿದ್ದಳು. ಆದರೆ ಕೆಂಡ ಮುಚ್ಚಿಡುವ ಕೆಲಸ ಅವಳದಾಗಿರಲಿಲ್ಲ, ನಿನ್ನೆ ಅದು ನೆನಪೂ ಆಗಿರಲಿಲ್ಲ.

"ಕಡ್ಡಿಪೆಟ್ಟಿಗಿ ಎಲ್ಲೈತಿ?" ಎಂದು ಪಿಸುಗುಟ್ಟಿದಳು.

ಮನೆಯಲ್ಲಿದ್ದುದು ಒಂದೇ ಕಡ್ಡಿಪೆಟ್ಟಿಗೆ, ಕಾಶಪ್ಪನ ಬೀಡಿಯದು. ಅವನು ಅದನ್ನು ಕಿಸೆಯಲ್ಲಿಟ್ಟುಕೊಂಡು ಮೊದಲ ಪಾಳಿಗೆ ಹೋಗಿಯಾಗಿತ್ತು. ಸೀರೆಯ ಆಚೆಯಿಂದ ರುದ್ರವ್ವನ ವಚನ ಕೇಳುತ್ತಿತ್ತು. ನಿನ್ನೆ ನಿಂತಿದ್ದು ಇಂದು ಮತ್ತೆ ಶುರುವಾಗಿತ್ತು, ಅದೇ ಏರು, ಅದೇ ಇಳಿತ, ನಡುನಡುವೆ ಊದುವ ಉಸಿರು.

ಈರಣ್ಣ ಎದ್ದ. ಒಲೆಯ ಬದಿಗೆ ನಿನ್ನೆಯ ಬೋಕಿ ಬಿದ್ದಿತ್ತು. ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ಸೀರೆಯ ಮುಂದೆ ನಿಂತ. ಊರಲ್ಲಿ ಬೆಂಕಿ ಕೇಳಲು ಬಂದ ನೆರೆಯವರು ಹೊಸ್ತಿಲಾಚೆ ನಿಂತು ಕೂಗುತ್ತಿದ್ದರು. ಇಲ್ಲಿ ಹೊಸ್ತಿಲಿರಲಿಲ್ಲ. ಸಾಲು ಮುಗಿಯಲೆಂದು ಕಾದ. ಒಂದು ಮುಗಿದು ಇನ್ನೊಂದು ಶುರುವಾಯಿತು. ಅದೂ ಮುಗಿಯಿತು.

"ಯಾರವರು?" ಎಂದಳು ಒಳಗಿನಿಂದ.

ಈರಣ್ಣ ಸೀರೆಯ ಅಂಚಿನ ಕೆಳಗಿಂದ ಬೋಕಿಯನ್ನು ಒಳಗೆ ಚಾಚಿದ. ಚಿಮ್ಮಟದ ಸದ್ದಾಯಿತು. ಒಂದು ಕೆಂಡ ಬಿತ್ತು, ಆಮೇಲೆ ಇನ್ನೊಂದು. ಬೋಕಿ ಮೆಲ್ಲಗೆ ಬೆಚ್ಚಗಾಗಿ, ಬಿಸಿಯಾಯಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಆರದ ಹಾಗೆ ಊದುತ್ತ, ತನ್ನ ಕಡೆಗೆ ತಿರುಗಿದ.