ಬೇರೆ ಲೋಟ

“ನಾಲಿಗೆ ಎತ್ತು,” ಎಂದಳು ಅಕ್ಕ.

ನಲವತ್ತೆರಡರ ತಮ್ಮ, ಹದಿನೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು, ಚಿಕ್ಕ ಮಗುವಿನ ಹಾಗೆ ಬಾಯಿ ಅಗಲಿಸಿ ನಾಲಿಗೆ ಎತ್ತಿದ. ನಾಲ್ಕು ಮಾತ್ರೆಗಳಲ್ಲಿ ಒಂದೂ ಉಳಿದಿರಲಿಲ್ಲ. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಗೀಟು ಎಳೆದಳು.

“ಚೆಕಿಂಗ್ ಮುಗೀತಾ ಮೇಡಂ? ಟಿಕೆಟ್ ಇಲ್ದೋರು ಯಾರೂ ಸಿಗಲಿಲ್ಲ ತಾನೇ?”

“ಸಾಕು ನಿನ್ನ ತಲೆಹರಟೆ. ಎದ್ದು ತಿಂಡಿ ತಿನ್ನು.”

ಒಂದು ಸ್ಟಾಪಿನ ಹೆಸರು ಕೂಗಿದರೆ ಇನ್ನೊಂದು ಸ್ಟಾಪ್ ಬರುವತನಕ ಕೆಮ್ಮುವ ಹಾಗಾದಾಗ ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು, ಟಿಬಿ ಎಂದು ಗೊತ್ತಾಗಿತ್ತು. ಅವನ ಬಾಡಿಗೆ ಕೋಣೆಗೆ ಕಿಟಕಿಯೇ ಇರಲಿಲ್ಲ. ಗಾಳಿ ಆಡುವ ಕಡೆ ಮಲಗಿಸಬೇಕು, ಮಾತ್ರೆ ನುಂಗುವುದನ್ನು ದಿನವೂ ಒಬ್ಬರು ಕಣ್ಣಾರೆ ನೋಡಬೇಕು ಎಂದು ನರ್ಸಮ್ಮ ಹೇಳಿದ್ದೇ ತಡ, ಅಕ್ಕ ತಮ್ಮನನ್ನೂ ಅವನ ಹೆಂಡತಿಯನ್ನೂ ತನ್ನ ಮನೆಗೆ ಕರೆತಂದಳು. ನೋಡುವ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳದು ಚೆಕಿಂಗ್ ಟೇಬಲ್ಲು. ದಿನಕ್ಕೆ ಆರುನೂರು ಷರ್ಟು. ಬಿಟ್ಟ ಹೊಲಿಗೆ, ಸಡಿಲ ಗುಂಡಿ, ಕತ್ತರಿಸದ ದಾರದ ತುದಿ ಯಾವುದೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ.

“ಹುಷಾರು, ಅಂಟು ಕಾಯಿಲೆ,” ಎಂದು ಪಕ್ಕದ ಮನೆಯಾಕೆ ಎಚ್ಚರಿಸಿದಾಗ, “ನನ್ನ ತಮ್ಮಂದು ನಂಗಂಟಿದ್ರೆ ಅಂಟ್ಲಿ ಬಿಡಿ,” ಎಂದು ಬಾಗಿಲು ಹಾಕಿಕೊಂಡಿದ್ದಳು. ಅವನು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ತಾನೇ ಉಂಡಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದು ಅವನು ಗಾಬರಿಯಾದಾಗ, “ಮಾತ್ರೆ ಬಣ್ಣ ಕಣೋ, ಪೆದ್ದ,” ಎಂದು ನಕ್ಕಳು.

ಮೂರನೆಯ ವಾರದಲ್ಲಿ ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾಗ ಅಕ್ಕ ಫ್ಯಾಕ್ಟರಿಯ ಸುದ್ದಿ ತೆಗೆದಳು. “ನಮ್ಮಲ್ಲಿ ಗುಂಡಿ ತೂತು ಹೊಲಿಯೋ ಕಾಜಾ ಮಿಷನ್ನಿನವಳಿಗೆ ಎಚ್ಐವಿ ಇದೆಯಂತೆ. ಆಸ್ಪತ್ರೆ ಚೀಟಿ ಬ್ಯಾಗಿಂದ ಬಿದ್ದು ಎಲ್ಲರಿಗೂ ಗೊತ್ತಾಯ್ತು. ಇವತ್ತು ನೀರಿನ ಡ್ರಮ್ಮಿನ ಹತ್ರ ಅವಳಿಗೆ ಬೇರೆ ಲೋಟ ಇಟ್ಟು ಬಂದೆ. ಕೆಂಪು ದಾರ ಸುತ್ತಿ ಗುರುತು ಮಾಡಿದೀನಿ.” ಅವಳ ದನಿಯಲ್ಲಿ ದ್ವೇಷವೇನೂ ಇರಲಿಲ್ಲ. ಒಂದು ಕೆಲಸ ಅಚ್ಚುಕಟ್ಟಾಗಿ ಮುಗಿಸಿದ ಸಮಾಧಾನವಿತ್ತು, ಅಷ್ಟೇ.

ತಮ್ಮ ತನ್ನ ತುತ್ತನ್ನು ತಟ್ಟೆಗೇ ಇಳಿಸಿದ. “ಲೋಟದಿಂದೆಲ್ಲ ಬರಲ್ವಂತೆ ಅಕ್ಕಾ.”

“ನಿಂಗೇನು ಗೊತ್ತು? ಅಂಥೋರ ಸಹವಾಸಾನೇ ಬೇಡಪ್ಪ.”

ತಮ್ಮನ ಹೆಂಡತಿ ನೀರು ತರುತ್ತೇನೆಂದು ಎದ್ದು ಹೋದಳು. ತಂಬಿಗೆಯ ತುಂಬ ನೀರಿತ್ತು.

ಎರಡು ತಿಂಗಳು ತುಂಬುವಷ್ಟರಲ್ಲಿ ಕೆಮ್ಮು ಇಳಿಯಿತು, ತೂಕ ಮೂರು ಕಿಲೋ ಏರಿತು. ಮುಂದಿನ ತಿಂಗಳು ಡ್ಯೂಟಿಗೆ ಹೋಗಬಹುದೇನೋ ಎಂದು ತಮ್ಮ ತನ್ನ ಸಮವಸ್ತ್ರ ತೆಗೆದು ಬಿಸಿಲಿಗೆ ಹರವಿದ. ಅದೇ ವಾರ ತಲೆನೋವು ಶುರುವಾಯಿತು. ಬಿಸಿಲಿಗೆ ಹೋಗಿದ್ದಕ್ಕೆ ಎಂದುಕೊಂಡು ಅಕ್ಕ ಹಣೆಗೆ ಮುಲಾಮು ಹಚ್ಚಿ ತಿಕ್ಕಿದಳು. ನೋವು ಬಿಡಲಿಲ್ಲ. ಕಿಟಕಿಯ ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಐದನೆಯ ದಿನ ಬಚ್ಚಲಲ್ಲಿ ಕುಸಿದು ಬಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನಿನಿಂದ ನೀರು ತೆಗೆಸಿ ಪರೀಕ್ಷೆ ಮಾಡಿಸಿದರು. ಆಮೇಲೆ ಇಬ್ಬರು ಹೆಂಗಸರನ್ನೂ ಒಳಗೆ ಕರೆದು, ಕಾಗದ ನೋಡುತ್ತ, “ಹೆಂಡತಿ ಒಬ್ಬರೇ ಇರಿ. ಇವರು ಸ್ವಲ್ಪ ಹೊರಗಿರಲಿ,” ಎಂದರು.

ಅಕ್ಕ ಏಳುತ್ತಿದ್ದಂತೆ ತಮ್ಮನ ಹೆಂಡತಿ ಅವಳ ಕೈ ಹಿಡಿದಳು. “ಇರ್ಲಿ ಡಾಕ್ಟ್ರೇ. ಅವರೂ ಕೇಳ್ಲಿ. ನನ್ನ ಕೈಲಿ ಇನ್ನು ಮುಚ್ಚಿಡೋಕಾಗಲ್ಲ.”

ಡಾಕ್ಟರು ಕಾಗದ ಕೆಳಗಿಟ್ಟು, “ಮಿದುಳಿನ ಪೊರೆಗೆ ಸೋಂಕು ತಗುಲಿದೆ, ದೇಹಕ್ಕೆ ಅದನ್ನ ತಡೆಯೋ ಶಕ್ತಿ ಇಲ್ಲ. ಎಚ್ಐವಿ ಮಾತ್ರೆ ಯಾವಾಗಿಂದ ತಗೊಳ್ತಿದಾರೆ?” ಎಂದು ಕೇಳಿದರು.

“ಟಿಬಿ ಮಾತ್ರೆ ಒಂದು ದಿನಾನೂ ತಪ್ಪಿಲ್ಲ ಡಾಕ್ಟ್ರೇ,” ಎಂದಳು ಅಕ್ಕ, ಕೇಳಿದ್ದು ಇನ್ನೂ ತಲೆಗೆ ಹೋಗದೆ. “ನಾನೇ ಬಾಯಿ ತೆಗೆಸಿ ನೋಡಿದೀನಿ.”

“ಅದು ಸರಿಯಮ್ಮ. ನಾನು ಕೇಳಿದ್ದು ಇನ್ನೊಂದರ ವಿಷಯ.”

“ಶುರುವೇ ಮಾಡಿಲ್ಲ,” ಎಂದಳು ಹೆಂಡತಿ. “ಟಿಬಿ ಮಾತ್ರೆ ತಗೊಂಡು ಎರಡು ವಾರಕ್ಕೇ ಇದನ್ನೂ ಶುರು ಮಾಡಿ ಅಂತ ಬಾಟಲಿ ಕೊಟ್ಟಿದ್ರು. ನಂಗೂ ಇದೆ, ನಾನು ನನ್ನ ಮಾತ್ರೆನ ಕೆಲಸದ ಕಡೆ ಇಟ್ಕೊಂಡು ನುಂಗ್ತೀನಿ. ಇವರು ಹಗಲೆಲ್ಲ ಮನೇಲೇ. ಬಾಟಲಿ ಎಲ್ಲಿ ಬಚ್ಚಿಟ್ರೂ, ಒಂದು ಮಾತ್ರೆ ಜಾಸ್ತಿ ಆದ್ರೂ ಅಕ್ಕನ ಕಣ್ಣಿಗೆ ಬೀಳುತ್ತೆ ಅಂದ್ರು. ಟಿಬಿ ಮುಗೀಲಿ, ನಮ್ಮ ಕೋಣೆಗೆ ಹೋದ್ಮೇಲೆ ಶುರು ಮಾಡ್ತೀನಿ ಅಂದ್ರು. ನಾನೂ ಎಷ್ಟು ಬೇಡ್ಕೊಂಡೆ.”

ಅಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು.

ಮರುದಿನ ಮಧ್ಯಾಹ್ನ ತಮ್ಮನಿಗೆ ಸ್ವಲ್ಪ ಎಚ್ಚರ ಬಂತು. ಅಕ್ಕ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿ, ಕಿವಿಯ ಹತ್ತಿರ ಬಗ್ಗಿದಳು.

“ನಿಂಗೂ ನಾನು ಬೇರೆ ಲೋಟ ಇಡ್ತಿದ್ದೆ ಅಂದ್ಕೊಂಡ್ಯೇನೋ?”

ಅವನು ಅವಳ ಕಡೆ ಮುಖ ಹೊರಳಿಸಿದ. “ಇಡ್ತಿದ್ದೆ ಕಣಕ್ಕಾ,” ಎಂದ. ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಸ್ಟಾಪ್ ಎಲ್ಲಿದೆ ಎಂದು ಕೇಳಿದ ಪ್ರಯಾಣಿಕನಿಗೆ ಹೇಳುವ ಹಾಗೆ ಹೇಳಿದ. ಅಕ್ಕ ಇಲ್ಲವೆನ್ನಲು ಬಾಯಿ ತೆರೆದಳು. ಅವನ ಮುಂದೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಹೊತ್ತಿಗೆ, ಅವನು ತೀರಿಕೊಂಡ.

ಒಂದು ವಾರದ ಮೇಲೆ ಅಕ್ಕ ಕೆಲಸಕ್ಕೆ ಹೋದಳು. ಕಾಜಾ ಮಿಷನ್ನಿನ ಮುಂದೆ ಬೇರೊಬ್ಬಳು ಕೂತಿದ್ದಳು. ಹಳಬಳು ಕೆಲಸ ಬಿಟ್ಟು ಹತ್ತು ದಿನವಾಯಿತಂತೆ. ಅವಳ ಮನೆ ಎಲ್ಲಿ ಎಂದು ಅಕ್ಕ ನಾಲ್ಕೈದು ಜನರನ್ನು ವಿಚಾರಿಸಿದಳು. ಯಾರಿಗೂ ಗೊತ್ತಿರಲಿಲ್ಲ. “ಯಾಕೆ, ಏನಾದ್ರೂ ಕೊಡೋದಿತ್ತಾ?” ಎಂದು ಒಬ್ಬಳು ಕೇಳಿದಳು. ಆ ದಿನ ಅಕ್ಕನ ಟೇಬಲ್ಲಿನಿಂದ ಕಾಲರ್ ಬಿಚ್ಚಿದ ಎರಡು ಷರ್ಟು ಹಾಗೇ ದಾಟಿಹೋದವು.

ಮನೆಗೆ ಬಂದಾಗ ತಮ್ಮನ ಹೆಂಡತಿ ಬಟ್ಟೆ ಗಂಟು ಕಟ್ಟುತ್ತಿದ್ದಳು.

“ಎಲ್ಲಿಗೆ?”

“ಕೋಣೆಗೆ ಹೋಗ್ತೀನಿ ಅಕ್ಕಾ. ಇನ್ನು ನಿಮಗ್ಯಾಕೆ ತೊಂದರೆ.”

“ಕಿಟಕಿ ಇಲ್ಲದ ಆ ಗೂಡಿಗೆ ಮತ್ತೆ ಹೋಗ್ತಾಳಂತೆ! ಗಂಟು ಬಿಚ್ಚು.” ಗದರುತ್ತಲೇ ಅಕ್ಕ ತಾನೇ ಕೂತು ಗಂಟು ಬಿಚ್ಚತೊಡಗಿದಳು. ಬಟ್ಟೆ ತೆಗೆದಿಡುತ್ತ ಕೇಳಿದಳು, “ನಿನ್ನ ಮಾತ್ರೆ ಯಾವತ್ತು ಮುಗಿಯತ್ತೆ?”

“ನಾಡಿದ್ದು.”

ಆ ದಿನ ಅಕ್ಕ ಫ್ಯಾಕ್ಟರಿಗೆ ರಜೆ ಹಾಕಿ ಜೊತೆಗೆ ಹೊರಟಳು. ಎಚ್ಐವಿ ಮಾತ್ರೆ ಕೊಡುವ ಕೊಠಡಿ ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಕೊನೆಯಲ್ಲಿತ್ತು. ಅಲ್ಲಿಗೆ ಹೋಗುವವರು ಯಾತಕ್ಕೆ ಹೋಗುತ್ತಾರೆಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಅರ್ಧ ದಾರಿಯಲ್ಲಿ ಅವರ ಬೀದಿಯ ಹಾಲಿನವಳು ಎದುರಾದಳು. ಅಕ್ಕನ ಕೈ ತಾನಾಗಿ ಮೇಲೆದ್ದು, ಆಸ್ಪತ್ರೆಗೆಂದು ಹಾಕಿಕೊಂಡಿದ್ದ ಮಾಸ್ಕನ್ನು ಕಣ್ಣಿನತನಕ ಎಳೆದುಕೊಂಡಿತು. ತಮ್ಮನ ಹೆಂಡತಿ ಅದನ್ನು ನೋಡಿ ಮುಖ ತಿರುಗಿಸಿದಳು. “ನೀವು ಗೇಟಿನ ಹತ್ರ ಇರಿ ಅಕ್ಕಾ. ನಾನು ಬೇಗ ಬಂದ್ಬಿಡ್ತೀನಿ.”

ಅಕ್ಕ ಅವಳ ಹಿಂದೆಯೇ ನಡೆದು ಬಾಗಿಲ ಮುಂದಿನ ಬೆಂಚಿನ ಬಳಿ ನಿಂತಳು. ಬೆಂಚು ತುಂಬಿತ್ತು. ತುದಿಯಲ್ಲಿ ಕೂತಿದ್ದ ಮುದುಕಿ ತಲೆಯೆತ್ತಿ ಇವಳನ್ನು ನೋಡಿ, ಮಡಿಲಿನಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡು, ಪಕ್ಕದವರನ್ನು ಒತ್ತರಿಸಿ ಒಂದು ಗೇಣು ಒಳಗೆ ಸರಿದಳು. ಅಕ್ಕ ಕೂತಳು. ಹಲಗೆ ಇನ್ನೂ ಬೆಚ್ಚಗಿತ್ತು.