ಟೋಪಿ ಹಾಕಿದಾಂವ

"ಮಾರಿ ಸ್ವಲ್ಪ ಈ ಕಡಿ ತಿರುಗಿಸ್ರಿ, ಬೆಳಕು ಬೀಳ್ಲಿ," ಎನ್ನುತ್ತ ಟೀವಿಯವನು ಕ್ಯಾಮೆರಾ ಹೆಗಲಿಗೇರಿಸಿದ್ದೇ ತಡ, ಅಯ್ಯಮ್ಮ ದಡಕ್ಕನೆ ಎದ್ದು ತಮ್ಮನ ಹೆಣಕ್ಕೆ ಅಡ್ಡ ನಿಂತಳು.

ಮುದನಾಳ ಊರಿನ ಅವರ ಮನೆಯ ಪಡಸಾಲೆಯಲ್ಲಿ ತಾಯಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಇಪ್ಪತ್ತು ವರ್ಷ ಟೀವಿ ಸುದ್ದಿಗಾಗಿ ಯುದ್ಧದ ಊರುಗಳಲ್ಲಿ ಕ್ಯಾಮೆರಾ ಹಿಡಿದವನು. ಗುಂಡಿಗೆ ಸಿಗದವನು ನಿನ್ನೆ ಕಾಲುವೆ ದಂಡೆಯ ಮೇಲೆ ಎದೆ ಹಿಡಿದುಕೊಂಡು ಕುಸಿದಿದ್ದ, ಹಾಳಾದ ಜೀವ!

"ಬಾಜೂಕ ಸರಿಯವ್ವಾ," ಎಂದ ಅಣ್ಣ ಮರಿಲಿಂಗಪ್ಪ. "ನೌಕರಿ ಕಳಕೊಂಡು ಬಂದಾಗಿಂದ ಊರಾನ ಮಂದಿ ಇವನ್ನ ಟೋಪಿ ಹಾಕಿದಾಂವ ಅಂತ ಆಡಿಕೊಂಡಾರ. ಇವತ್ತರ ಟೀವ್ಯಾಗ ಬರ್ಲಿ. ಮನಿ ಮರ್ಯಾದಿ ಉಳೀತದ."

"ಟೋಪಿ ಹಾಕಿದ್ದು ಖರೇನ ಅದ. ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಅಳುತ್ತಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು.

*

ಆರು ವರ್ಷದ ಹಿಂದೆ ಅದೇ ದಂಡೆಯ ಮೇಲೆ ರೊಟ್ಟಿ ಮುರಿಯುತ್ತ ತಾಯಪ್ಪ ಹೇಳಿದ್ದ.

"ಕಾಬೂಲಿನಾಗ ಬಾಂಬ್ ಬಿದ್ದಿತ್ತಕ್ಕಾ. ಸತ್ತ ಮಗನ ಮುಂದ ತಾಯಿ ಕುಂತಿದ್ದಳು. ಮಾರಿ ಹತ್ರದಿಂದ ತೋರ್ಸು ಅಂತ ಆಫೀಸಿನವರು ಫೋನಿನಾಗ ಒದರಾಕತ್ತಿದ್ರು. ಆಕಿ ಕೈ ಮುಗದ್ಲು. ನಾ ಟೋಪಿ ಹಾಕಿಬಿಟ್ಟೆ. ಅದಕ್ಕ ನೌಕರಿ ಹೋತು."

"ಅಯ್ಯ ನಿನ್ನ! ಮಗ ಸತ್ತಾಕಿಗೆ ಟೋಪಿ ಹಾಕಿದೇನೋ ಭಾಡ್ಯಾ?" ಎಂದು ಅಯ್ಯಮ್ಮ ಅವನ ಬೆನ್ನಿಗೊಂದು ಗುದ್ದಿದ್ದಳು.

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಜೇಬಿನಿಂದ ಕರಿಯ ಬಿಲ್ಲೆಯೊಂದನ್ನು ತೆಗೆದು ತೋರಿಸಿದ. ಅದು ಕ್ಯಾಮೆರಾದ ಕಣ್ಣಿಗೆ ಹಾಕುವ ಮುಚ್ಚಳ. ಅದನ್ನೇ ಅವನು ಟೋಪಿ ಎನ್ನುತ್ತಿದ್ದ.

"ಊರಿಗೆಲ್ಲ ತಿಳಿಸಿ ಹೇಳಬಾರದೇನೋ?"

"ಅನ್ಲಿ ಬಿಡು. ಸತ್ತವರಿಗೆ ಬ್ಯಾಡ ಅನ್ನಾಕ ಬರಂಗಿಲ್ಲಕ್ಕಾ. ಅವರ ಪರವಾಗಿ ಯಾರರ ಅನಬೇಕು."

*

"ಒಂದ ನಿಮಿಷ್ರೀ ಅಮ್ಮಾ, ಇಡೀ ರಾಜ್ಯ ನೋಡ್ತದ," ಎಂದ ಟೀವಿಯವನು.

"ಅಳಾಕ ಬಂದವರು ನೋಡ್ಲಿ. ನಿನ್ನ ರಾಜ್ಯ ಉಣ್ಕೋತ ನೋಡ್ತದ."

ಮರಿಲಿಂಗಪ್ಪ ಅವಳ ರಟ್ಟೆ ಹಿಡಿದೆಳೆದ. "ನಾಲ್ಕು ಮಂದ್ಯಾಗ ಏನಿದು? ಒಳಗ ನಡಿ!"

ಅಯ್ಯಮ್ಮ ಕೊಸರಿಕೊಂಡಳು. "ಮರ್ಯಾದಿ ಬೇಕಾದ್ರ ನಿನ್ನ ಮಾರಿ ತೋರ್ಸಣ್ಣಾ. ತಮ್ಮಂದು ಬ್ಯಾಡ."

ಬೆಳಿಗ್ಗೆ ಹೆಣಕ್ಕೆ ಜಳಕ ಮಾಡಿಸುವ ಮುಂಚೆ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದ ಕರಿಯ ಬಿಲ್ಲೆಯನ್ನು ಅವಳು ಎಲೆಯಡಿಕೆ ಚೀಲದಿಂದ ತೆಗೆದಳು. ಟೀವಿಯವನ ಕ್ಯಾಮೆರಾದ ಕಣ್ಣಿಗೆ ಹಾಕಹೋದರೆ ಅದು ಕೂರಲಿಲ್ಲ, ಅಳತೆ ಸಣ್ಣದಾಯಿತು. ಬಿಲ್ಲೆಯನ್ನು ಅಲ್ಲೇ ಇಟ್ಟು ಅದರ ಮೇಲೆ ಅಂಗೈಯೊತ್ತಿ ಹಿಡಿದಳು.

ಭಜನೆಯವರು ತಾಳ ಹಾಕಿದರು. ಅವಳ ಬೆನ್ನ ಹಿಂದೆ ತಾಯಪ್ಪನನ್ನು ಎತ್ತಿದರು. "ಕಡೀ ಸಲ ಮಾರಿ ನೋಡು ಬಾ ಅಯ್ಯಮ್ಮಾ," ಎಂದು ಯಾರೋ ಅಳುತ್ತ ಕೂಗಿದರು.

ಹೆಣ ಹೊಸ್ತಿಲು ದಾಟುವವರೆಗೂ ಅಯ್ಯಮ್ಮ ಕೈ ತೆಗೆಯಲಿಲ್ಲ, ತಿರುಗಲೂ ಇಲ್ಲ.