ಜೋಗಪ್ಪ ಆರಿಸಿದ ನಾಯಿ

ಲಾರಿಯಲ್ಲಿ ಕ್ಲೀನರ್ ಎಂದರೆ ಬರೀ ಗಾಜು ಒರೆಸುವವನು ಎಂದುಕೊಂಡವರು ಬಹಳ ಜನ ಇದ್ದಾರೆ. ಅಂಥವರನ್ನು ಒಂದು ಸಲ ಮೆಕ್ಕೆಜೋಳದ ಲೋಡಿನ ಜೊತೆ ಹರಪನಹಳ್ಳಿಯಿಂದ ನಾಮಕ್ಕಲ್ಲಿಗೆ ಕಳಿಸಬೇಕು. ಟಯರ್ ತಟ್ಟಿ ಗಾಳಿ ನೋಡುವವನು ಅವನು, ತಾಡಪತ್ರಿಯ ಹಗ್ಗ ಬಿಗಿಯುವವನು ಅವನು, ಲಾರಿ ಹಿಂದಕ್ಕೆ ಬರುವಾಗ ಇಳಿದು ಬಾಡಿ ತಟ್ಟುತ್ತಾ ದಾರಿ ಹೇಳುವವನು ಅವನು. ಡ್ರೈವರನ ಕಣ್ಣು ಎಳೆಯತೊಡಗಿದರೆ ಮನೆಯ ಮಾತು, ಊರ ಮಾತು, ಅದೂ ಸಾಲದಿದ್ದರೆ ಒಂದು ಜಗಳವನ್ನಾದರೂ ತೆಗೆದು ಎಚ್ಚರ ಇಡುವವನೂ ಅವನೇ. ಜೋಗಪ್ಪ ಹನ್ನೊಂದು ವರ್ಷದಿಂದ ಪಂಚಾಕ್ಷರಪ್ಪ ಸಾಹುಕಾರರ ಲಾರಿಯಲ್ಲಿ ಈ ಕೆಲಸ ಮಾಡಿಕೊಂಡು ಬಂದಿದ್ದ. ಆ ಹನ್ನೊಂದು ವರ್ಷವೂ ಸ್ಟೇರಿಂಗ್ ಹಿಡಿದವನು ಕೊಟ್ರಸ್ವಾಮಿ.

ದಾರಿಯಲ್ಲಿ ಇಬ್ಬರದೂ ಒಂದೇ ಸ್ಟವ್ವು, ಒಂದೇ ಪಾತ್ರೆ. ಊರಿಗೆ ಬಂದರೆ ಮಾತ್ರ ಜೋಗಪ್ಪ ಕೊಟ್ರಸ್ವಾಮಿಯ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಅವನ ಕೇರಿಯವರನ್ನು ಒಳಗೆ ಕರೆಯುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಅದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ. ತನ್ನ ಹೆಂಡತಿ ದುರುಗಮ್ಮ ಯಾವಾಗಲಾದರೂ ಈ ವಿಷಯ ಕೆಣಕಿದರೆ, “ಲಾರ್‍ಯಾಗ ಇಬ್ರೂ ಒಂದಾ ತಟ್ಟ್ಯಾಗ ಉಣ್ತೀವಿ. ನಿನಗೇನ್ ಗೊತ್ತು ಸುಮ್ನಿರು” ಎಂದು ಜೋಗಪ್ಪ ಬಾಯಿ ಮುಚ್ಚಿಸುತ್ತಿದ್ದ.

ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿ ಎರಡು ವರ್ಷವಾಗಿತ್ತು. ಯುಗಾದಿ ಕಳೆದು ಹದಿನೈದು ದಿನಕ್ಕೆ, ಹಿರಿಯೂರಿನ ಹತ್ತಿರ ಚಹಾ ಕುಡಿಯುತ್ತಾ ಕೊಟ್ರಸ್ವಾಮಿ ಇದ್ದಕ್ಕಿದ್ದಂತೆ ಕೇಳಿದ.

“ಲೇ ಜೋಗ, ಲಾರಿಗೊಂದು ನಾಯಿ ಇಟ್ಕೊಂಡ್ರ ಹೆಂಗಲೇ?”

“ಯಾಕಣ್ಣ, ನಾನೊಬ್ಬ ಸಾಲಂಗಿಲ್ಲೇನು?” ಎಂದು ಜೋಗಪ್ಪ ನಕ್ಕ.

ಕೊಟ್ರಸ್ವಾಮಿಯೂ ನಕ್ಕ, ಆದರೆ ಸ್ವಲ್ಪ ತಡವಾಗಿ. “ಹೋದ ತಿಂಗಳು ಘಾಟಿನಾಗ ಹಗ್ಗ ಕೊಯ್ದು ನಾಕು ಚೀಲ ಇಳಿಸ್ಕೊಂಡ್ ಹೋದ್ರಲ್ಲ. ನೀನೂ ಮನಷ್ಯಾ, ನಿನಗೂ ನಿದ್ದಿ ಬರ್ತೈತಿ. ಒಂದ್ ನಾಯಿ ಇದ್ರ ನಿನಗಾ ಆಸರ ಆಕ್ಕೈತಿ. ಆದ್ರ ಆರಿಸಾವ ನೀನಾ. ನಂಗ ನಾಯಿ ಅಂದ್ರ ಬಾಲ ಒಂದಾ ಗೊತ್ತು.”

ಜೋಗಪ್ಪನ ಎದೆ ಉಬ್ಬಿತು. ಹೊಗಳಿದರೆ ಕರಗುವ ಜಾಯಮಾನ ಅವನದು, ಅದೂ ಕೊಟ್ರಸ್ವಾಮಿ ಹೊಗಳಿದರೆ ಮುಗಿದೇ ಹೋಯಿತು. ತನಗೆ ಆಸರೆಯಾಗಲಿ ಎಂದು ಯೋಚಿಸುವ ಡ್ರೈವರ್ ಯಾವ ಲಾರಿಯಲ್ಲಿದ್ದಾನೆ, ತೋರಿಸಿ ಎಂದು ದುರುಗಮ್ಮನ ಮುಂದೆ ಎರಡು ದಿನ ಕೊಚ್ಚಿಕೊಂಡ.

ರಜೆ ಸಿಕ್ಕ ದಿನವೇ ಬಸ್ಸು ಹತ್ತಿ ಕೋಗಳಿಯ ಕಡೆ ಹೋದ. ಅಲ್ಲಿ ಹೊಲವೊಂದರಲ್ಲಿ ಕುರಿಮಂದೆ ಬೀಡು ಬಿಟ್ಟಿತ್ತು, ಮಂದೆಯ ಯಜಮಾನಿ ಭರಮಮ್ಮನ ನಾಯಿ ಐದು ಮರಿ ಹಾಕಿತ್ತು. ಭರಮಮ್ಮ ಮರಿ ತೋರಿಸುವ ಮೊದಲು ಅವನನ್ನೇ ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ಏನ್ ಕೆಲಸಕ್ಕ ಬೇಕು ಹೇಳು. ಕುರಿ ಕಾಯೋ ನಾಯಿ ಬ್ಯಾರೆ, ಮನಿ ಕಾಯೋ ನಾಯಿ ಬ್ಯಾರೆ.”

“ಲಾರಿಗೆ ಬೇಕವ್ವ. ಲೋಡ್ ಕಾಯಬೇಕು, ಹಗ್ಗ ಮುಟ್ಟಿದ್ರ ಬೊಗಳಬೇಕು, ಡ್ರೈವರ್ ಮಲಗಿದ್ರ ಕಾಲಾಗ ಇರಬೇಕು, ನಾ ರಜಾ ಇದ್ದು ಅವ ಒಬ್ಬಾವಾ ಹೊಂಟಾಗ ಬ್ಯಾಸರ ಕಳಿಬೇಕು.”

“ಇಷ್ಟೆಲ್ಲಾ ಮಾಡ್ತಿದ್ರ ಅದಕ್ಕ ಸಂಬಳ ಕೊಡಬೇಕಾಕ್ಕೈತಿ ನೋಡಪಾ” ಎಂದು ಭರಮಮ್ಮ ನಕ್ಕು, ಮರಿಗಳನ್ನು ಹೊರಗೆ ಬಿಟ್ಟಳು.

ಜೋಗಪ್ಪನಿಗೆ ಅವಸರ ಇರಲಿಲ್ಲ. ಅರ್ಧ ದಿನ ಅಲ್ಲೇ ಕೂತ. ತಟ್ಟೆ ಬಡಿದ. ಎರಡು ಮರಿ ತಾಯಿಯ ಹೊಟ್ಟೆಯ ಕೆಳಗೆ ಓಡಿಹೋದವು, ಹಾರ್ನಿಗೆ ಹೆದರುವವು ಎಂದು ಅವನ್ನು ಬಿಟ್ಟ. ಇನ್ನೊಂದು ಅಲ್ಲಿದ್ದ ಹುಡುಗರ ಕೈಯಿಂದಲೂ ಇವನ ಕೈಯಿಂದಲೂ ಬಿಸ್ಕತ್ತು ಕಿತ್ತುಕೊಂಡು ತಿಂದಿತು. ಬಿಸ್ಕತ್ತು ಕೊಟ್ಟವರಿಗೆಲ್ಲ ಬಾಲ ಅಲ್ಲಾಡಿಸುವ ನಾಯಿ ಲಾರಿಗೆ ಬೇಡ. ನಾಲ್ಕನೆಯದು ಎತ್ತಿಕೊಂಡರೆ ಕುಂಯ್ ಎಂದು ಅಳುತ್ತಿತ್ತು. ಐದನೆಯದು ಕಂದು ಬಣ್ಣದ ಗಂಡುಮರಿ, ಎದೆಯ ಮೇಲೆ ಬಿಳಿ ಮಚ್ಚೆ. ಬಿಸ್ಕತ್ತನ್ನು ಬಾಯಲ್ಲಿ ತೆಗೆದುಕೊಂಡು, ಕೆಳಗಿಟ್ಟು, ಜೋಗಪ್ಪನ ಮುಖ ನೋಡುತ್ತಾ ನಿಂತಿತು. ಅವನು “ತಿನ್ನಲೇ” ಎಂದ ಮೇಲೆ ತಿಂದಿತು.

“ಇದು ವಿಚಾರ ಮಾಡ್ತೈತವ್ವ. ಇದಾ ಇರಲಿ.”

ನಾಯಿಮರಿಯನ್ನು ಪುಕ್ಕಟೆ ಒಯ್ದರೆ ನಿಲ್ಲುವುದಿಲ್ಲ, ಏನಾದರೂ ಕೊಟ್ಟು ಹೋಗು ಎಂದು ಭರಮಮ್ಮ ಹಟ ಹಿಡಿದಳು. ಜೋಗಪ್ಪ ಹಬ್ಬಕ್ಕೆ ಕೊಂಡಿದ್ದ ಹೊಸ ಟವೆಲನ್ನು ಹೆಗಲಿನಿಂದ ತೆಗೆದು ಕೊಟ್ಟ. ಬರುವಾಗ ಬಸ್ಸಿನಲ್ಲಿ ಮರಿ ಎರಡು ಸಲ ವಾಂತಿ ಮಾಡಿತು, ಎರಡನೆಯ ಸಲ ಕಂಡಕ್ಟರನ ಚಪ್ಪಲಿಯ ಮೇಲೆ. ಅವನು ಬೈದ ಬೈಗುಳವನ್ನೆಲ್ಲ ಜೋಗಪ್ಪ ಮರಿಯ ಪರವಾಗಿ ತಾನೇ ಕೇಳಿಸಿಕೊಂಡು, ಬಾಟಲಿಯ ನೀರಿನಿಂದ ಚಪ್ಪಲಿ ತೊಳೆದುಕೊಟ್ಟ.

ಮರಿ ಲಾರಿ ಹತ್ತಿದ ವಾರದಲ್ಲೇ ಟಯರು, ಹಗ್ಗ, ಡೀಸೆಲ್ ಟ್ಯಾಂಕು ಎಲ್ಲವನ್ನೂ ಮೂಸಿ ನೋಡಿ ಸುತ್ತು ಹಾಕತೊಡಗಿತು. ಅದಕ್ಕೆ ಮೇಸ್ತ್ರಿ ಎಂದು ಹೆಸರಾಯಿತು. ಜೋಗಪ್ಪ ಅದಕ್ಕೆ ತನಗೆ ಬರುವುದನ್ನೆಲ್ಲ ಕಲಿಸಿದ. ಕ್ಯಾಬಿನ್ನಿನಲ್ಲಿ ಇಂಜಿನ್ ಬಾನೆಟ್ಟಿಗೆ ಹಾಸಿದ ಗೋಣಿತಟ್ಟಿನ ಮೇಲೆ ಕೂರುವುದನ್ನು ಕಲಿಸಿದ. ಬೇರೆಯವರು ಹಗ್ಗಕ್ಕೆ ಕೈಹಾಕಿದರೆ ಬೊಗಳುವುದನ್ನು, ಚಹಾದಂಗಡಿಯಲ್ಲಿ ಯಾರು ಏನು ತೋರಿಸಿದರೂ ಇಳಿಯದಿರುವುದನ್ನು ಕಲಿಸಿದ. ಮಲಗಿದವನ ಲುಂಗಿ ಕಚ್ಚಿ ಎಳೆದು ಎಬ್ಬಿಸುವುದನ್ನು ಕಲಿಸಲು ತನ್ನ ಎರಡು ಲುಂಗಿ ಹಾಳುಮಾಡಿಕೊಂಡ. ಕೊಟ್ರಸ್ವಾಮಿ ಇದನ್ನೆಲ್ಲ ನೋಡುತ್ತಾ, “ನೀನೊಂದೀಟು ದೂರ ಹೋಗಿ ಕುಂದ್ರಲೇ, ನೀನಿಲ್ದಾ ಇದ್ರ ಏನ್ ಮಾಡ್ತೈತಿ ನೋಡೋಣು” ಎನ್ನುತ್ತಿದ್ದ. ಜೋಗಪ್ಪ ಖುಷಿಯಿಂದ ಹೋಗಿ ಮರದ ಹಿಂದೆ ಕೂರುತ್ತಿದ್ದ. ಮೇಸ್ತ್ರಿ ಪಾಸಾದಾಗಲೆಲ್ಲ ತನ್ನ ಮಗನೇ ಪಾಸಾದಷ್ಟು ಹಿಗ್ಗುತ್ತಿದ್ದ.

ಶ್ರಾವಣದಲ್ಲಿ ಕೊಟ್ರಸ್ವಾಮಿ ಲಾರಿಯ ಎಡಗಡೆಗೆ ದೊಡ್ಡದೊಂದು ಕನ್ನಡಿ ತಂದ. ಅಲ್ಲಿಯವರೆಗೆ ಎಡಗಡೆ ನೋಡುವ ಕಣ್ಣು ಜೋಗಪ್ಪನದೇ ಆಗಿತ್ತು. ಕನ್ನಡಿಗೆ ಬೋಲ್ಟು ಬಿಗಿದವನೂ ಜೋಗಪ್ಪನೇ.

ಅದೇ ತಿಂಗಳು ಹಗರಿಬೊಮ್ಮನಹಳ್ಳಿಯ ಲಾರಿ ಮಾಲೀಕನೊಬ್ಬ ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು, ತನ್ನ ಹೊಸ ಗಾಡಿಗೆ ಬಾ, ಒಂದು ವರ್ಷದಲ್ಲಿ ಸ್ಟೇರಿಂಗ್ ಕೊಟ್ಟು ಲೈಸೆನ್ಸನ್ನೂ ಮಾಡಿಸುತ್ತೇನೆ ಎಂದ. ಅಂಥ ಮಾತು ಎಲ್ಲರಿಗೂ ಬರುವುದಿಲ್ಲ. ದುರುಗಮ್ಮ ಕೈಮುಗಿದು ಹೋಗು ಅಂದಳು. ಜೋಗಪ್ಪ ಕೊಟ್ರಸ್ವಾಮಿಯನ್ನು ಕೇಳದೆ ಒಂದು ಬೀಡಿಯನ್ನೂ ಬದಲಾಯಿಸುವವನಲ್ಲ, ಕೇಳಿದ.

“ಹೋಗ್ತಿಯೇನು?” ಎಂದ ಕೊಟ್ರಸ್ವಾಮಿ. ಅವನ ಮುಖ ಸಣ್ಣದಾಯಿತು. “ನಾಯಿ ಯಾರ್ ನೋಡ್ಕೊಂತಾರಲೇ? ನನ್ನ ಯಾರ್ ನೋಡ್ಕೊಂತಾರ?”

ಜೋಗಪ್ಪ ಆ ಮಾಲೀಕನಿಗೆ ಬರುವುದಿಲ್ಲ ಎಂದು ಹೇಳಿಕಳಿಸಿದ. ದುರುಗಮ್ಮ ಅವನ ಜೊತೆ ಎಂಟು ದಿನ ಮಾತು ಬಿಟ್ಟಳು.

ದೀಪಾವಳಿಗೆ ಮೂರು ದಿನ ಲಾರಿ ನಿಂತಿತು. ಮೇಸ್ತ್ರಿಯನ್ನು ಈ ಸಲ ನಾನೇ ಮನೆಗೆ ಒಯ್ಯುತ್ತೇನೆ, ನನಗೂ ಹೊಂದಿಕೊಳ್ಳಲಿ ಎಂದು ಕೊಟ್ರಸ್ವಾಮಿ ಕರೆದುಕೊಂಡು ಹೋದ. ಪಾಡ್ಯದ ದಿನ ಜೋಗಪ್ಪ ನೋಡಲು ಹೋದರೆ, ಮೇಸ್ತ್ರಿ ಒಳಗೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿತ್ತು. ಕೊಟ್ರಸ್ವಾಮಿಯ ಹೆಂಡತಿ ಭಾಗ್ಯ ಅದಕ್ಕೆ ಹೋಳಿಗೆ ಮುರಿದು ಹಾಕುತ್ತಿದ್ದಳು. ಜೋಗಪ್ಪ ಎಂದಿನ ಕಟ್ಟೆಯ ಮೇಲೆ ಕೂತು, “ನಮ್ಮ ಮೇಸ್ತ್ರಿ ಆರು ತಿಂಗಳಿಗೇ ಒಳಗ ಹೋದ ನೋಡ್ರಿ ಅಕ್ಕಾರ” ಎಂದು ನಕ್ಕ. ಭಾಗ್ಯ ನಗಲಿಲ್ಲ. ಅವನ ಪಾಲಿನ ಹೋಳಿಗೆಯನ್ನು ಎಲೆಯಲ್ಲಿ ತಂದಿಟ್ಟು, ಮುಖ ನೋಡದೆ ಬೇಗ ಒಳಗೆ ಹೋಗಿಬಿಟ್ಟಳು. ಹಬ್ಬದ ಕೆಲಸ, ಅವಸರ ಇರಬೇಕು ಎಂದುಕೊಂಡ.

ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಮಾರ್ಕೆಟ್ ಯಾರ್ಡಿಗೆ ಬಂದ. ಹೊಸ ಮೆಕ್ಕೆಜೋಳದ ರಾಶಿ ಎಲ್ಲೆಲ್ಲೂ ಬಿದ್ದಿತ್ತು, ಅವರ ಲಾರಿ ಆಗಲೇ ಲೋಡಾಗಿ ನಿಂತಿತ್ತು. ಅಂಗಡಿಯಲ್ಲಿ ಕೂತಿದ್ದ ಪಂಚಾಕ್ಷರಪ್ಪ ಅವನನ್ನೂ ಅವನ ಚೀಲವನ್ನೂ ನೋಡಿ ಕನ್ನಡಕ ತೆಗೆದರು.

“ಯಾಕಪಾ ಜೋಗಪ್ಪ, ಚೀಲ ಹಿಡ್ಕೊಂಡ್ ಬಂದಿ? ಕೊಟ್ರ ಹೇಳಿಲ್ಲೇನು ನಿನಗ?”

“ಏನ್ರಿ ಸಾವ್ಕಾರ್ರ?”

ಸಾಹುಕಾರರು ಕೆಟ್ಟ ಮನುಷ್ಯರಲ್ಲ. ಅವರಿಗೆ ನಿಜವಾಗಿಯೂ ಮುಜುಗರವಾಯಿತು. ಹುಡುಗನನ್ನು ಕರೆದು ಚಹಾ ತರಲು ಹೇಳಿ, ಅವನನ್ನು ಕೂರಿಸಿ, ಮೆಲ್ಲಗೆ ಮಾತು ತೆಗೆದರು.

“ಈಗ ಬಾಳ ಗಾಡಿ ಕ್ಲೀನರ್ ಇಲ್ದಾ ಓಡಾಕತ್ತಾವ. ಯುಗಾದಿಗೇ ಮಾತಾಗಿತ್ತಪಾ ಇದು. ಹನ್ನೊಂದ್ ವರ್ಷದ ಮನಷ್ಯಾನ್ನ ಹೆಂಗ ಬಿಡಾದು ಅಂತ ನಾನಾ ಅಂದೆ. ಕೊಟ್ರನಾ ಅಂದ, ಆರು ತಿಂಗಳು ತಡೀರಿ, ಜೋಗನ ಕೈಲೆ ಒಂದ್ ನಾಯಿ ತಯಾರ್ ಮಾಡಿಸ್ಕೊಂತೀನಿ, ಆಮ್ಯಾಲೆ ಅವನ ಸಂಬಳದಾಗ ಅರ್ಧ ನನಗ ಹಾಕ್ರಿ ಅಂತ. ನಿನಗ ತಾನಾ ಹೇಳ್ತೀನಂತ ಅಂದಿದ್ದನಲ್ಲಪಾ.”

ಚಹಾ ಬಂತು. ಜೋಗಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಕೆಲಸ ಹೋಯಿತು ಎನ್ನುವುದು ಅವನಿಗೆ ಆಗ ಹೊಳೆಯಲೇ ಇಲ್ಲ. ಹೊಳೆದದ್ದು ಹಿರಿಯೂರಿನ ಚಹಾದಂಗಡಿಯಲ್ಲಿ ಕೊಟ್ರಸ್ವಾಮಿ ತಡವಾಗಿ ನಕ್ಕ ನಗು. ಮರದ ಹಿಂದೆ ಹೋಗಿ ಕೂರು ಎಂದದ್ದು. ಕನ್ನಡಿ. ಭಾಗ್ಯಕ್ಕ ಮುಖ ತಿರುಗಿಸಿದ್ದು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗೊತ್ತಿಲ್ಲದವರೆಂದರೆ ತಾನು ಮತ್ತು ನಾಯಿ ಇಬ್ಬರೇ. ಅವನಿಗೆ ನಾಚಿಕೆಯಾಯಿತು. ಇಷ್ಟು ದಿನ ಕಾಣದೇ ಹೋಯಿತಲ್ಲ ಎನ್ನುವ ನಾಚಿಕೆ. ಸಾಹುಕಾರರ ಮುಂದೆ ತಲೆ ಎತ್ತಲಾಗದೆ, ಚಹಾ ಅಲ್ಲೇ ಇಟ್ಟು ಎದ್ದ.

ಕೊಟ್ರಸ್ವಾಮಿ ಲಾರಿಯ ಪಕ್ಕದಲ್ಲಿ ನಿಂತು ತಾನೇ ಹಗ್ಗ ಬಿಗಿಯುತ್ತಿದ್ದ. ಗಂಟು ಸರಿಯಾಗಿ ಬಿದ್ದಿರಲಿಲ್ಲ. ಜೋಗಪ್ಪನನ್ನು ಕಂಡ ಮೇಸ್ತ್ರಿ ಕಿಟಕಿಯಿಂದ ಜಿಗಿದು ಬಂದು ಅವನ ಕಾಲಿಗೆ ಸುತ್ತಿಕೊಂಡಿತು.

“ಬಂದ್ಯಾ?” ಎಂದ ಕೊಟ್ರಸ್ವಾಮಿ, ಹಗ್ಗವನ್ನೇ ನೋಡುತ್ತಾ. “ಮನಿಗೆ ಬಂದು ಹೇಳಾವಿದ್ದೆ ನಾನು.”

“ಯಾವಾಗಣ್ಣ?”

ಕೊಟ್ರಸ್ವಾಮಿ ಗಂಟನ್ನು ಬಿಚ್ಚಿ ಮತ್ತೆ ಬಿಗಿದ. “ಗೀತಾಂಜಲಿದು ಈ ವರ್ಷ ಕಾಲೇಜು” ಎಂದು ಮಗಳ ಹೆಸರು ತೆಗೆದ. “ಒಂದಾ ಸಂಬಳದಾಗ ಏನೇನ್ ಮಾಡ್ಲಿ ಹೇಳು. ನಿನ್ನ ಮುಖ ನೋಡಿದ್ರ ಬಾಯಾ ಬರ್ತಿದ್ದಿಲ್ಲ. ಹನ್ನೊಂದ್ ವರ್ಷ ಒಂದಾ ತಟ್ಟ್ಯಾಗ ಉಂಡೀವಿ.”

“ಹಗರಿಬೊಮ್ಮನಹಳ್ಳಿ ಗಾಡಿಗಾದ್ರೂ ಹೋಗು ಅನ್ಬೌದಿತ್ತಲ್ಲಣ್ಣ. ನಾನು ಬಂದು ಕೇಳಿದ್ನಲ್ಲ.”

“ಆಗಿನ್ನೂ ನಾಯಿ…” ಎಂದ ಕೊಟ್ರಸ್ವಾಮಿ ಅಲ್ಲಿಗೇ ನಿಲ್ಲಿಸಿದ. ಮಾತು ಬಾಯಿಂದ ಹೊರಗೆ ಬಿದ್ದಾಗಿತ್ತು. ಅವನ ಮುಖ ಕಿವಿಯವರೆಗೂ ಕೆಂಪೇರಿತು.

ಜೋಗಪ್ಪನಿಗೆ ಅವನನ್ನು ಹೊಡೆಯಬೇಕು ಎನ್ನಿಸಿತು, ನಿಜ. ಅಪ್ಪ ಸತ್ತಾಗ ಲೋಡನ್ನು ದಾರಿಯಲ್ಲೇ ನಿಲ್ಲಿಸಿ ತನ್ನನ್ನು ಊರಿಗೆ ಮುಟ್ಟಿಸಿದವನೂ ಇದೇ ಕೊಟ್ರಸ್ವಾಮಿ. ಈ ಮನುಷ್ಯನಿಗೆ ಎತ್ತಿದ ಕೈ ಆ ಮನುಷ್ಯನಿಗೂ ಬೀಳುತ್ತಿತ್ತು. ಕೈ ಏಳಲಿಲ್ಲ.

ಸಾಹುಕಾರರ ಗುಮಾಸ್ತ ಅಂಗಡಿಯಿಂದ ಹೊತ್ತಾಯಿತೆಂದು ಕೂಗಿದ. ಕೊಟ್ರಸ್ವಾಮಿ ಮೇಲೆ ಹತ್ತಿ, ಬಾಗಿಲು ತೆರೆದಿಟ್ಟು ಮೇಸ್ತ್ರಿಯನ್ನು ಕರೆದ. ಅದು ಬರಲಿಲ್ಲ. ಬಿಸ್ಕತ್ತು ತೋರಿಸಿದ, ಗದರಿಸಿದ, ಶಿಳ್ಳೆ ಹಾಕಿದ. ಅದು ಜೋಗಪ್ಪನ ಕಾಲಬಳಿ ಕೂತು ಅವನ ಮುಖ ನೋಡುತ್ತಿತ್ತು. ಸುತ್ತಲಿನ ಹಮಾಲರು ನಗತೊಡಗಿದರು.

“ಲೇ ಜೋಗ,” ಎಂದ ಕೊಟ್ರಸ್ವಾಮಿ, ಹೆಚ್ಚುಕಡಿಮೆ ಬೇಡುವ ದನಿಯಲ್ಲಿ. “ಒಂದೀಟು ಹತ್ತಿಸಿಕೊಡಪಾ. ನನ್ನ ಮಾತು ಕೇಳವಲ್ದು.”

ಕರೆದುಕೊಂಡು ಹೊರಟುಬಿಟ್ಟರೆ ಯಾರೂ ತಡೆಯುವಂತಿರಲಿಲ್ಲ. ಮರಿ ತಂದವನು ತಾನು, ಟವೆಲು ಕೊಟ್ಟವನು ತಾನು. ಆದರೆ ಇದು ಲಾರಿಯ ನಾಯಿ. ಅದಕ್ಕೆ ಬರುವುದು ಲಾರಿಯ ಕೆಲಸ ಒಂದೇ, ಹಾಗೆ ಮಾಡಿದವನೂ ತಾನೇ. ಮುಂದೆ ದಾರಿಯಲ್ಲಿ ಕೊಟ್ರಸ್ವಾಮಿಯ ಕಣ್ಣು ಎಳೆದರೆ ಎಬ್ಬಿಸಲು ಬೇರೆ ಯಾರೂ ಇರಲಿಲ್ಲ. ಜೋಗಪ್ಪ ಬಾನೆಟ್ಟಿನ ಮೇಲಿನ ಗೋಣಿತಟ್ಟು ಸರಿಮಾಡಿ, ಅದರ ಮೇಲೆ ಎರಡು ಸಲ ತಟ್ಟಿದ. ಮೇಸ್ತ್ರಿ ಅವನನ್ನು ಒಮ್ಮೆ ನೋಡಿ, ಹತ್ತಿ ಕೂತಿತು.

“ಎಣ್ಣಿ ಬೋಂಡ ಹಾಕಬ್ಯಾಡ, ಕಿವಿ ಕೆರಕೊಂಡು ರಕ್ತ ಮಾಡ್ಕೊಂತೈತಿ” ಎಂದ ಜೋಗಪ್ಪ. “ಹಿರಿಯೂರಾಗ ನೀರು ಕುಡಿಸು. ಘಾಟ್ ಹತ್ತುವಾಗ ಒಂದ್ ಕೈ ಅದರ ಮ್ಯಾಲೆ ಇಟ್ಕಾ, ಇನ್ನೂ ಅಂಜತೈತಿ.”

“ಹೂನಪಾ” ಎಂದ ಕೊಟ್ರಸ್ವಾಮಿ.

“ಯುಗಾದಿಗೇ ಹೇಳಿದ್ರೂ ನಿನಗ ಇದಾ ನಾಯೀನಾ ಆರಿಸಿ ತರ್ತಿದ್ನಲ್ಲಣ್ಣ.”

ಕೊಟ್ರಸ್ವಾಮಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ತಲೆ ಬಗ್ಗಿಸಿಕೊಂಡ. ಜೋಗಪ್ಪ ಹೊರಗಿನಿಂದ ಬಾಗಿಲು ಹಾಕಿ, ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿ, ಬಟ್ಟೆಯ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದ.